ತಮ್ಮ ಮಾತ್ರೆಯನ್ನು ಹಾಸಿಗೆ ಕೆಳಗೆ ಬಚ್ಚಿಡುತ್ತಿದ್ದಾನೆ, ಏನು ಮಾಡಲಿ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ವಿಷ ಹಾಕುತ್ತಿದ್ದಾರೆ ಎನ್ನುತ್ತಿದ್ದ. ಕಿವಿಯಲ್ಲಿ ದನಿಗಳೂ ಕೇಳಿಸುತ್ತಿದ್ದವು. ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು 8 ತಿಂಗಳಾಯಿತು. ರಾತ್ರಿಗೆ ರಿಸ್ಪೆರಿಡೋನ್ 4 ಮಿ.ಗ್ರಾಂ., ಬೆಳಿಗ್ಗೆಗೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ದನಿ, ಅನುಮಾನ ಎರಡೂ ನಿಂತಿವೆ. ಆದರೆ ತೂಕ 62 ಕೆ.ಜಿ.ಯಿಂದ 71ಕ್ಕೆ ಏರಿದೆ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳುವುದಿಲ್ಲ. ಎದ್ದ ಮೇಲೆ ಒಂದು ಕಡೆ ಕೂರುವುದಿಲ್ಲ, ಮನೆಯೊಳಗೇ ಅತ್ತಿಂದಿತ್ತ ನಡೆಯುತ್ತಿರುತ್ತಾನೆ. ‘ನಾನು ಚೆನ್ನಾಗಿದ್ದೇನೆ, ಮಾತ್ರೆ ಯಾಕೆ’ ಎಂದು ದಿನಾ ಜಗಳ. ಹೋದ ತಿಂಗಳು ಅವನ ಹಾಸಿಗೆ ಕೆಳಗೆ 11 ಮಾತ್ರೆ ಸಿಕ್ಕವು. ಅಂದಿನಿಂದ ಅವನು ಮಾತ್ರೆ ಮುಟ್ಟುತ್ತಿಲ್ಲ. ಅಮ್ಮ ಅವನಿಗೆ ಗೊತ್ತಾಗದಂತೆ ಪುಡಿ ಮಾಡಿ ರಾತ್ರಿ ಊಟದಲ್ಲಿ ಬೆರೆಸುತ್ತಿದ್ದಾರೆ. ಇದು ಸರಿಯೇ? ಅವನೇ ಮಾತ್ರೆ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ? ಎಷ್ಟು ವರ್ಷ ಕೊಡಬೇಕು? ನಾವು ಯಾವುದರ ಮೇಲೆ ಕಣ್ಣಿಟ್ಟಿರಬೇಕು?

ಉತ್ತರ: ಮೊದಲು ಊಟದಲ್ಲಿ ಬೆರೆಸುವ ವಿಷಯ, ಏಕೆಂದರೆ ಈ ವಾರವೇ ಸರಿಪಡಿಸಬೇಕಾದದ್ದು ಅದು. ನಿಮ್ಮ ತಾಯಿಯನ್ನು ಯಾರೂ ದೂರಬೇಕಾಗಿಲ್ಲ. ಮಗ ಮತ್ತೆ ಹಳೆಯ ಸ್ಥಿತಿಗೆ ಹೋಗುತ್ತಾನೆಂಬ ಭಯದಲ್ಲಿ ಬಹಳ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ. ಆದರೆ ನಿಮ್ಮ ತಮ್ಮನ ವಿಷಯದಲ್ಲಿ ಇದು ವಿಶೇಷವಾಗಿ ಅಪಾಯಕಾರಿ. ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂಬುದೇ ಅವನ ಕಾಯಿಲೆಯ ಭ್ರಮೆಯಾಗಿತ್ತು. ಆ ಭ್ರಮೆ ಹೋಗಿರುವಾಗ ಮನೆಯವರೇ ಅದನ್ನು ನಿಜ ಮಾಡುತ್ತಿದ್ದೀರಿ. ಒಂದು ದಿನ ಕಹಿ ರುಚಿ ಸಿಕ್ಕಿಯೋ ಪುಡಿ ಕಣ್ಣಿಗೆ ಬಿದ್ದೋ ಗೊತ್ತಾದರೆ ಅವನು ಮಾತ್ರೆಯ ಜೊತೆಗೆ ಊಟವನ್ನೂ ಬಿಡಬಹುದು. ಆಮೇಲೆ ನಿಮ್ಮ ಯಾವ ಮಾತನ್ನೂ ನಂಬಲಾರ.

ಇನ್ನೊಂದು ತೊಂದರೆ ಮೇಲ್ನೋಟಕ್ಕೆ ಕಾಣುವುದಿಲ್ಲ. ತಾನು ಮಾತ್ರೆ ಬಿಟ್ಟು ಒಂದು ತಿಂಗಳಾಯಿತು, ಆದರೂ ಚೆನ್ನಾಗಿದ್ದೇನೆ ಎಂದು ಅವನು ತಿಳಿದಿದ್ದಾನೆ. ಅವನ ದೃಷ್ಟಿಯಲ್ಲಿ ಇದು ಪರೀಕ್ಷೆ ಮಾಡಿ ಸಿಕ್ಕ ಸಾಕ್ಷಿ. ಕದ್ದು ಕೊಡುತ್ತಾ ಹೋದಷ್ಟೂ ಆ ಸಾಕ್ಷಿ ಗಟ್ಟಿಯಾಗುತ್ತದೆ. ಡೋಸ್ ಕೂಡ ಲೆಕ್ಕಕ್ಕೆ ಸಿಗುವುದಿಲ್ಲ: ತಟ್ಟೆಯಲ್ಲಿ ಅರ್ಧ ಉಳಿಸಿದರೆ 2 ಮಿ.ಗ್ರಾಂ. ಹೋಯಿತೋ 4 ಹೋಯಿತೋ ಯಾರಿಗೂ ಗೊತ್ತಿಲ್ಲ, ಉಳಿದದ್ದನ್ನು ಬೇರೆಯವರು ತಿಂದರೆ ಅವರಿಗೆ ತಲೆಸುತ್ತು, ವಿಪರೀತ ನಿದ್ದೆ. ಸಾಮಾನ್ಯ ರಿಸ್ಪೆರಿಡೋನ್ ಮಾತ್ರೆ ಪುಡಿ ಮಾಡಿದರೆ ಕೆಡುವುದಿಲ್ಲ, ನಿಜ. ಆದರೆ ನಾಳೆ ವೈದ್ಯರು ಪಾಲಿಪೆರಿಡೋನ್ ಅಥವಾ ಕ್ವೆಟಿಯಾಪಿನ್‌ನ ‘ಇ.ಆರ್.’, ‘ಎಕ್ಸ್.ಆರ್.’, ‘ಎಸ್.ಆರ್.’ ಎಂದು ಬರೆದಿರುವ ಮಾತ್ರೆಗೆ ಬದಲಾಯಿಸಿದರೆ, ಅದನ್ನು ಪುಡಿ ಮಾಡುವುದೆಂದರೆ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧವನ್ನು ಒಮ್ಮೆಲೇ ಮೈಗೆ ಸುರಿದಂತೆ.

ಹಾಗೆಂದು ಇಂದು ರಾತ್ರಿಯೇ ದಿಢೀರನೆ ನಿಲ್ಲಿಸಬೇಡಿ, ಅವನ ಮುಂದೆ ಏಕಾಏಕಿ ಹೇಳಿಬಿಡಲೂ ಬೇಡಿ. ಎರಡು ಮೂರು ದಿನದೊಳಗೆ ಮನೋವೈದ್ಯರನ್ನು ನೀವೊಬ್ಬರೇ ಕಂಡು, ಇಲ್ಲವೇ ಫೋನಿನಲ್ಲಿ, ಎರಡು ಸಂಗತಿ ತಿಳಿಸಿ: ಬಚ್ಚಿಟ್ಟಿದ್ದ 11 ಮಾತ್ರೆ, ಈಗ ಬೆರೆಸಿ ಕೊಡುತ್ತಿರುವುದು. ಇದನ್ನು ಮುಚ್ಚಿಟ್ಟರೆ ವೈದ್ಯರು ತಪ್ಪು ಲೆಕ್ಕದ ಮೇಲೆ ಡೋಸ್ ತೀರ್ಮಾನಿಸುತ್ತಾರೆ. ಆಮೇಲೆ ವೈದ್ಯರ ಎದುರಿನಲ್ಲೇ ತಮ್ಮನಿಗೆ ಹೇಳಿ. ‘ನಿನಗೆ ಮತ್ತೆ ಕಷ್ಟ ಆಗಬಹುದು ಅಂತ ಹೆದರಿ ಹೀಗೆ ಮಾಡಿದ್ವಿ. ಇನ್ನು ಮಾಡಲ್ಲ. ಇನ್ನು ಮುಂದೆ ಮಾತ್ರೆ ನಿನ್ನ ಕೈಯಲ್ಲೇ ಇರುತ್ತೆ’ ಎಂಬಷ್ಟು ಸಾಕು. ಕೋಪ ಬಂದೇ ಬರುತ್ತದೆ, ಬರಲಿ. ಅದು ಭ್ರಮೆಯ ಕೋಪವಲ್ಲ, ಯಾರಿಗಾದರೂ ಬರುವ ಕೋಪ. ಅವನು ಮಾತ್ರೆ ನುಂಗಲು ಒಪ್ಪಿದ ದಿನವೇ ಬೆರೆಸುವುದು ನಿಲ್ಲಬೇಕು, ಇಲ್ಲದಿದ್ದರೆ ಡೋಸ್ ಎರಡು ಪಟ್ಟಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾತ್ರೆ ಬಿಡುವವರನ್ನು ಕಂಡರೆ ಮನೆಯವರು ‘ಹಠ’ ಎನ್ನುತ್ತಾರೆ, ‘ಕಾಯಿಲೆ ಅರ್ಥವಾಗಿಲ್ಲ’ ಎನ್ನುತ್ತಾರೆ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಒಂದು ಕಡೆ ಕೂರುವುದಿಲ್ಲ, ಅತ್ತಿಂದಿತ್ತ ನಡೆಯುತ್ತಾನೆ ಎಂದು ನೀವೇ ಬರೆದಿದ್ದೀರಿ. ಇದು ಔಷಧದಿಂದ ಬಂದ ಚಡಪಡಿಕೆ ಆಗಿರುವ ಸಾಧ್ಯತೆ ಹೆಚ್ಚು. ವೈದ್ಯಕೀಯದಲ್ಲಿ ಇದಕ್ಕೆ ಅಕಥೀಸಿಯಾ ಎನ್ನುತ್ತಾರೆ. ಅನುಭವಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಕೆಲವರು ಇದರ ಹಿಂಸೆ ತಾಳಲಾರದೆ ಸಾಯುವ ಮಾತನ್ನೂ ಆಡುತ್ತಾರೆ. ಮಾತ್ರೆ ಬಚ್ಚಿಡಲು ಇದೊಂದೇ ಕಾರಣ ಸಾಕು.

ಇದನ್ನು ಗುರುತಿಸುವುದು ಕಷ್ಟವಲ್ಲ. ಅವನನ್ನು ಎರಡು ನಿಮಿಷ ಕೂರಲು ಹೇಳಿ, ಆಮೇಲೆ ಎರಡು ನಿಮಿಷ ನಿಲ್ಲಲು ಹೇಳಿ. ಕೂತಾಗ ಕಾಲು ಅಲ್ಲಾಡಿಸುತ್ತಾ, ಕಾಲ ಮೇಲೆ ಕಾಲು ಹಾಕಿ ತೆಗೆದು ಮಾಡುತ್ತಾನೆಯೇ? ನಿಂತಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಲ್ಲೇ ಹೆಜ್ಜೆ ಹಾಕುತ್ತಾನೆಯೇ? ‘ತಲೆಯಲ್ಲಿ ಏನಾದರೂ ಓಡುತ್ತಿದೆಯಾ, ಇಲ್ಲ ಕಾಲಲ್ಲೇ ಏನೋ ಆಗುತ್ತಿದೆಯಾ?’ ಎಂದು ಕೇಳಿ. ಔಷಧದ ಚಡಪಡಿಕೆಯವರು ಸಾಮಾನ್ಯವಾಗಿ ಕಾಲು, ಮೈ ಎನ್ನುತ್ತಾರೆ; ನಡೆದರೆ ಸ್ವಲ್ಪ ಹಾಯೆನಿಸುತ್ತದೆ ಎನ್ನುತ್ತಾರೆ. ಕಾಯಿಲೆಯ ತಳಮಳವಾದರೆ ಅದಕ್ಕೊಂದು ಕಾರಣವಿರುತ್ತದೆ: ಯಾರೋ ಬರುತ್ತಿದ್ದಾರೆ, ಏನೋ ಹೇಳುತ್ತಿದ್ದಾರೆ ಎಂಬ ಭಯ. ಇನ್ನೊಂದು ಸುಳಿವು ಸಮಯ. ಔಷಧ ಶುರುವಾದ ಅಥವಾ ಡೋಸ್ ಏರಿದ ಕೆಲವು ದಿನ, ವಾರಗಳಲ್ಲಿ ಇದು ಹೆಚ್ಚುತ್ತದೆ. ಮಾತ್ರೆ ಬಚ್ಚಿಡುತ್ತಿದ್ದಾಗ ನಡಿಗೆ ಕಡಿಮೆಯಿತ್ತೇ, ಅಮ್ಮ ಬೆರೆಸಲು ಶುರುಮಾಡಿದ ಮೇಲೆ ಜಾಸ್ತಿಯಾಯಿತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಉತ್ತರ ಅಲ್ಲೇ ಇದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮನೆಯವರು ‘ಡಾಕ್ಟ್ರೇ, ತುಂಬಾ ಗಲಾಟೆ, ಒಂದು ಕಡೆ ಕೂರಲ್ಲ’ ಎಂದರೆ ಕಾಯಿಲೆ ಕೆರಳಿದೆ ಎಂದು ಡೋಸ್ ಏರಿಸುವ ಸಂಭವವಿದೆ; ಏರಿಸಿದರೆ ಚಡಪಡಿಕೆ ಇನ್ನೂ ಏರುತ್ತದೆ. ಹಾಗಾಗಿ ‘ಗಲಾಟೆ’ ಎಂಬ ಮಾತು ಬಿಟ್ಟು ಕಂಡದ್ದನ್ನು ಹೇಳಿ: ಊಟಕ್ಕೆ ಕೂತರೆ ಮೂರು ಸಲ ಏಳುತ್ತಾನೆ, ಕಾಲಲ್ಲಿ ಸಂಕಟ ಎನ್ನುತ್ತಾನೆ, ದನಿ ಕೇಳುತ್ತಿಲ್ಲ ಎನ್ನುತ್ತಾನೆ. ಸಾಧ್ಯವಾದರೆ ಅವನ ಒಪ್ಪಿಗೆ ಪಡೆದು ಅರ್ಧ ನಿಮಿಷದ ವಿಡಿಯೊ ತೋರಿಸಿ. ವೈದ್ಯರು ಡೋಸ್ ಇಳಿಸಬಹುದು, ಬೇರೆ ಔಷಧಕ್ಕೆ ಬದಲಾಯಿಸಬಹುದು, ಅಥವಾ ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಸೇರಿಸಬಹುದು. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಆಗದು, ಇದ್ದರೆ ಮೊದಲೇ ಹೇಳಿ. ಅವನು ತೆಗೆದುಕೊಳ್ಳುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ಕೈನಡುಕ, ಮೈ ಬಿಗಿತಕ್ಕೆ ಒಳ್ಳೆಯ ಮಾತ್ರೆ, ಚಡಪಡಿಕೆಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಜೊತೆಗೆ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ನೆನಪನ್ನು ಮಂಕು ಮಾಡುತ್ತದೆ. ಎಂಟು ತಿಂಗಳಾದ ಮೇಲೆ ಅದು ಇನ್ನೂ ಬೇಕೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹತ್ತು ಗಂಟೆಯವರೆಗೆ ಮಲಗುವುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿರಬಹುದು. ಬರೀ ಔಷಧದ ಮಂಪರಾದರೆ ರಾತ್ರಿ ಹತ್ತಕ್ಕೆ ಕೊಡುವ ಮಾತ್ರೆಯನ್ನು ಎಂಟಕ್ಕೆ ತಂದರೆ ಬೆಳಿಗ್ಗೆ ಸ್ವಲ್ಪ ಬೇಗ ಬಿಡುತ್ತದೆ; ವೈದ್ಯರನ್ನು ಒಂದು ಮಾತು ಕೇಳಿ ಮಾಡಿ. ಮುಖದಲ್ಲಿ ಭಾವವಿಲ್ಲ, ನಡೆಯುವಾಗ ಕೈ ಬೀಸುವುದಿಲ್ಲ, ಎಲ್ಲವೂ ನಿಧಾನ ಎಂದಾದರೆ ಅದು ಔಷಧದಿಂದ ಬಂದ ಪಾರ್ಕಿನ್ಸನ್ ಥರದ ಬಿಗಿತ. ಡೋಸ್ ಹೆಚ್ಚಾಗಿದೆ ಎಂಬ ಸೂಚನೆ. ಉತ್ಸಾಹವೇ ಇಲ್ಲ, ಸ್ನಾನಕ್ಕೂ ಮಾತಿಗೂ ಮನಸ್ಸಿಲ್ಲ ಎಂಬುದು ಕಾಯಿಲೆಯ ಇನ್ನೊಂದು ಮುಖವೂ ಆಗಿರಬಹುದು, ಖಿನ್ನತೆಯೂ ಆಗಿರಬಹುದು. ಔಷಧ ಶುರುವಾದ ಮೇಲೆ ನಿದ್ದೆ, ಉದ್ರೇಕ ಒಂದೆರಡು ವಾರದಲ್ಲೇ ಹತೋಟಿಗೆ ಬರುತ್ತವೆ. ದನಿ, ಅನುಮಾನ ಕರಗಲು ಎರಡರಿಂದ ಆರು ವಾರ ಹಿಡಿಯುತ್ತದೆ. ಉತ್ಸಾಹ ಮರಳಲು ಮಾತ್ರ ತಿಂಗಳುಗಟ್ಟಲೆ ಬೇಕು, ಔಷಧದಿಂದಲೇ ಅದು ಪೂರ್ತಿ ಸರಿಹೋಗುವುದೂ ಅಪರೂಪ. ‘ಸೋಮಾರಿ’ ಎಂಬ ಪದವನ್ನು ಮಾತ್ರ ಮನೆಯಿಂದ ಆಚೆ ಹಾಕಿ.

ತೂಕದ ವಿಷಯದಲ್ಲಿ ಕಾಯುವುದು ಬೇಡ. ಶುರುವಿನ ತೂಕಕ್ಕಿಂತ 5 ಪ್ರತಿಶತ ಏರಿದರೆ ಔಷಧದ ಬಗ್ಗೆ ಮರುಯೋಚನೆ ಮಾಡಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ತಮ್ಮನ ಲೆಕ್ಕದಲ್ಲಿ ಅದು ಸುಮಾರು 3 ಕೆ.ಜಿ.; ಅವನು 9 ಕೆ.ಜಿ. ಏರಿದ್ದಾನೆ, ಅಂದರೆ 14 ಪ್ರತಿಶತಕ್ಕೂ ಹೆಚ್ಚು. ಈ ಔಷಧಗಳು ಹೊಟ್ಟೆ ತುಂಬಿತೆಂಬ ಸೂಚನೆಯನ್ನೇ ಮಂಕು ಮಾಡುತ್ತವೆ, ಹಾಗಾಗಿ ‘ಕಡಿಮೆ ತಿನ್ನು’ ಎಂಬ ಉಪದೇಶದಿಂದ ಪ್ರಯೋಜನ ಅಷ್ಟಕ್ಕಷ್ಟೇ. ತೂಕ ಹೆಚ್ಚಿಸುವುದರಲ್ಲಿ ಓಲಾಂಜಪಿನ್, ಕ್ಲೋಜಪಿನ್ ಮುಂದು; ರಿಸ್ಪೆರಿಡೋನ್, ಕ್ವೆಟಿಯಾಪಿನ್ ನಡುವಿನವು; ಅರಿಪಿಪ್ರಜೋಲ್, ಲುರಾಸಿಡೋನ್, ಜಿಪ್ರಾಸಿಡೋನ್ ಹಗುರ. ಹಾಗೆಂದು ಹಗುರವಾದದ್ದಕ್ಕೆ ಕಣ್ಣುಮುಚ್ಚಿ ಹಾರಲಾಗದು: ಅರಿಪಿಪ್ರಜೋಲ್‌ನಲ್ಲಿ ಚಡಪಡಿಕೆ ಸಾಮಾನ್ಯ, ನಿಮ್ಮ ತಮ್ಮನಿಗೆ ಅದೇ ದೊಡ್ಡ ಕಷ್ಟ. ಲುರಾಸಿಡೋನ್ ಅನ್ನು ಕನಿಷ್ಠ 350 ಕ್ಯಾಲೊರಿಯ ಊಟದ ಜೊತೆ ನುಂಗದಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿ ‘ಔಷಧ ಕೆಲಸ ಮಾಡಲಿಲ್ಲ’ ಎನ್ನುವವರು ಬಹಳ. ಔಷಧ ಬದಲಾಯಿಸದೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಸೇರಿಸುವ ದಾರಿಯೂ ಇದೆ. ಮೊದಲ ಮೂರು ತಿಂಗಳು ಪ್ರತಿ ತಿಂಗಳು, ಆಮೇಲೆ ಮೂರು ತಿಂಗಳಿಗೊಮ್ಮೆಯಾದರೂ ತೂಕ ನೋಡಬೇಕು. ಸಕ್ಕರೆ ಮತ್ತು ಕೊಬ್ಬಿನ ರಕ್ತಪರೀಕ್ಷೆಯನ್ನು ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು. ತೂಕ ಇಷ್ಟು ಏರಿದ್ದರೆ ಇನ್ನೂ ಬೇಗ. ಎಂಟು ತಿಂಗಳಲ್ಲಿ ಒಮ್ಮೆಯೂ ಆಗಿಲ್ಲವೆಂದರೆ ಈ ಭೇಟಿಯಲ್ಲೇ ಕೇಳಿ.

ಅವನು ನಿಮಗೆ ಹೇಳದ ಇನ್ನೊಂದು ತೊಂದರೆ ಇರಬಹುದು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಕೆಲವೊಮ್ಮೆ ಎದೆ ಊದುವುದು. ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಹಾಲು ಒಸರುವುದು. 26ರ ಯುವಕ ಇದನ್ನು ಅಕ್ಕನ ಮುಂದಾಗಲಿ ಅಮ್ಮನ ಮುಂದಾಗಲಿ ಹೇಳುವುದುಂಟೇ? ಅದಕ್ಕೇ ಪ್ರತಿ ಭೇಟಿಯಲ್ಲೂ ಐದು ನಿಮಿಷ ಅವನೊಬ್ಬನೇ ವೈದ್ಯರ ಜೊತೆ ಮಾತಾಡಲಿ, ನೀವು ಹೊರಗೆ ಕೂತಿರಿ. ವೈದ್ಯರೇ ನೇರವಾಗಿ ಕೇಳಲಿ ಎಂದು ಮೊದಲೇ ಒಂದು ಮಾತು ಹಾಕಿಡಿ. ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ, ಪರಿಹಾರವೂ ಇದೆ.

ಇಷ್ಟನ್ನೆಲ್ಲ ಮೊದಲು ಹೇಳಿದ್ದೇಕೆಂದರೆ, ‘ಮಾತ್ರೆ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೇ. ಅವನ ಮೈಯಲ್ಲಿ ನಡೆಯುತ್ತಿರುವ ಹಿಂಸೆ ಕಡಿಮೆಯಾಗದೆ ಯಾವ ಮಾತುಗಾರಿಕೆಯೂ ನಡೆಯದು.

ಉಳಿದರ್ಧ ಮಾತಿನದು. ತನಗೆ ಕಾಯಿಲೆಯಿದೆ ಎಂದು ಅನ್ನಿಸದಿರುವುದು ಈ ಕಾಯಿಲೆಯ ಒಂದು ಲಕ್ಷಣ, ಬಹಳ ಜನರಲ್ಲಿ ಇರುವಂಥದ್ದು. ವಾದ ಮಾಡಿ ಅದನ್ನು ಗೆಲ್ಲಲಾಗದು, ಗೆಲ್ಲಬೇಕಾಗಿಯೂ ಇಲ್ಲ. ಕಾಯಿಲೆಯ ಹೆಸರನ್ನು ಒಪ್ಪದೆಯೂ ವರ್ಷಗಟ್ಟಲೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ಅವರಿಗೆ ಮಾತ್ರೆಯಿಂದ ನಿದ್ದೆ ಬರುತ್ತದೆ, ಕೆಲಸಕ್ಕೆ ಹೋಗಲಾಗುತ್ತದೆ, ಆಸ್ಪತ್ರೆ ತಪ್ಪುತ್ತದೆ ಎಂಬ ಅವರದೇ ಕಾರಣವಿರುತ್ತದೆ. ತಮ್ಮನಿಗೆ ಏನು ಬೇಕು ಎಂದು ಪತ್ತೆ ಮಾಡಿ. ಮಾತು ಹೀಗೆ ಸಾಗಬಹುದು:

‘ಅಕ್ಕ, ನಂಗೇನೂ ಆಗಿಲ್ಲ.’
‘ಸರಿ, ಅದು ಬಿಡು. ಮಾತ್ರೆ ತಗೊಂಡ್ರೆ ಏನು ಕಷ್ಟ ಆಗುತ್ತೆ ಹೇಳು.’
‘ಕಾಲು ನಿಲ್ಲಲ್ಲ. ಬೆಳಿಗ್ಗೆ ತಲೆ ಭಾರ.’
‘ಅದನ್ನ ಹಾಗೇ ಡಾಕ್ಟ್ರಿಗೆ ಹೇಳೋಣ. ಅವರು ಸರಿ ಮಾಡಿದ್ರೆ ಇನ್ನೊಂದು ತಿಂಗಳು ನೋಡ್ತೀಯಾ?’

ಇಲ್ಲಿ ‘ಜೀವನಪೂರ್ತಿ’ ಎಂಬ ಮಾತಿಲ್ಲ, ‘ನಿನಗೆ ಕಾಯಿಲೆ’ ಎಂಬ ಮಾತೂ ಇಲ್ಲ. ಒಂದು ತಿಂಗಳ ಒಪ್ಪಂದ, ತಿಂಗಳ ಕೊನೆಗೆ ಮತ್ತೆ ಮಾತು, ಅಷ್ಟೇ.

ಬಹಳ ಮನೆಗಳು ಎಡವುವ ಜಾಗ ಇನ್ನೊಂದಿದೆ. ಅವನು ದನಿ ಏರಿಸಿದರೆ, ಬಾಗಿಲು ಜೋರಾಗಿ ಹಾಕಿದರೆ, ಸಿನಿಮಾಕ್ಕೆ ಹೋಗುತ್ತೇನೆಂದರೂ ‘ಇವತ್ತು ಮಾತ್ರೆ ತಗೊಂಡ್ಯಾ?’ ಎಂಬ ಪ್ರಶ್ನೆ. ಇದರಿಂದ ಅವನ ಸಹಜವಾದ ಕೋಪ, ಸಂತೋಷ, ಬೇಸರ ಎಲ್ಲವೂ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತವೆ. ಮಾತ್ರೆ ಎಂಬುದು ಬೈಗುಳವಾಗುತ್ತದೆ. ನಿಯಮ ಮಾಡಿಕೊಳ್ಳಿ: ಮಾತ್ರೆಯ ಮಾತು ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ, ಒಬ್ಬರೇ ಎತ್ತಬೇಕು. ಯಾರು ಎಂಬುದನ್ನು ಅವನೇ ಆರಿಸಲಿ. ಜಗಳದ ಮಧ್ಯೆ ಎಂದಿಗೂ ಬೇಡ. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950–60ರ ದಶಕಗಳಲ್ಲಿ ಲಂಡನ್ನಿನಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಗಮನಿಸಿದಾಗ, ಟೀಕೆ ಮತ್ತು ಹಗೆತನ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತಿತ್ತು. ಅತಿಯಾದ ಕಾಳಜಿಯಿಂದ ಉಸಿರುಗಟ್ಟಿಸುವ ಮನೆಗಳದ್ದೂ ಅದೇ ಕಥೆ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಕಂಡವು. ಕಾಯಿಲೆ ಮನೆಯವರಿಂದ ಬಂತು ಎಂದು ಇದರರ್ಥವಲ್ಲ. ಮನೆಯ ಮಾತಿನ ಧಾಟಿ ಬದಲಾದರೆ ಔಷಧದ ಕೆಲಸ ಹಗುರವಾಗುತ್ತದೆ ಎಂದಷ್ಟೇ.

ದಿನನಿತ್ಯದ ಏರ್ಪಾಡು ಸರಳವಾಗಿರಲಿ. ಏಳು ಖಾನೆಯ ಮಾತ್ರೆ ಡಬ್ಬಿಯನ್ನು ವಾರಕ್ಕೊಮ್ಮೆ ಅವನೇ ತುಂಬಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಹಲ್ಲುಜ್ಜುವಂಥ ದಿನವೂ ತಪ್ಪದ ಒಂದು ಕೆಲಸದ ಪಕ್ಕದಲ್ಲಿ ಡಬ್ಬಿ ಇರಲಿ. ಬಾಯಿ ತೆರೆಸಿ ನಾಲಿಗೆ ಕೆಳಗೆ ನೋಡುವುದು ಮನೆಯಲ್ಲಿ ಬೇಡ. ವಾರಕ್ಕೊಮ್ಮೆ ಸ್ಟ್ರಿಪ್ ಎಣಿಸಿದರೆ ಸಾಕು. ನುಂಗುವುದೇ ಕಷ್ಟವಾದರೆ ಬಾಯಲ್ಲೇ ಕರಗುವ ಮಾತ್ರೆ, ದ್ರವರೂಪದ ಔಷಧ ಎರಡೂ ರಿಸ್ಪೆರಿಡೋನ್‌ನಲ್ಲಿ ಸಿಗುತ್ತವೆ. ಕೊನೆಯ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊಸದು ತನ್ನಿ. ಅಂಗಡಿಯಲ್ಲಿ ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಬಣ್ಣ, ಆಕಾರ ಬದಲಾಗುತ್ತದೆ. ಅನುಮಾನದ ಕಾಯಿಲೆಯಿದ್ದವರಿಗೆ ಅದೊಂದೇ ಸಾಕು ಮಾತ್ರೆ ಬಿಡಲು. ಹಳೆಯ, ಹೊಸ ಸ್ಟ್ರಿಪ್ ಎರಡನ್ನೂ ಮುಂದಿಟ್ಟು, ಒಳಗಿನ ಔಷಧದ ಹೆಸರು ಒಂದೇ ಎಂದು ಅವನ ಕೈಯಲ್ಲೇ ಓದಿಸಿ. ಸಾಯುವ ಮಾತಾಡಿದ್ದರೆ ಮಾತ್ರ ತಿಂಗಳ ಮಾತ್ರೆ ಒಟ್ಟಿಗೆ ಕೈಗೆ ಸಿಗದಂತೆ ಬೀಗ ಹಾಕಿಟ್ಟು ವಾರದ್ದಷ್ಟೇ ಹೊರಗಿಡಿ.

ಒಂದು ಡೋಸ್ ತಪ್ಪಿದರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಡೋಸಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬಾರದು. ಎರಡು ಮೂರು ದಿನ ಸತತ ತಪ್ಪಿದ್ದರೆ ವೈದ್ಯರಿಗೆ ತಿಳಿಸಿ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಈ ನಿಯಮ ಕಟ್ಟುನಿಟ್ಟು: 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ಮರಳುವಂತಿಲ್ಲ, ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು. 12.5 ಮಿ.ಗ್ರಾಂ.ನಿಂದ ಮತ್ತೆ ಶುರುಮಾಡಬೇಕಾಗುತ್ತದೆ.

ಬೇರೆ ಔಷಧಗಳ ಜೊತೆಗಿನ ತಾಕಲಾಟವೂ ಗೊತ್ತಿರಲಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮೆದುಳಿನಲ್ಲಿ ರಿಸ್ಪೆರಿಡೋನ್ ತಡೆಯುವ ಡೋಪಮೈನ್ ಎಂಬ ರಾಸಾಯನಿಕವನ್ನೇ ತಡೆಯುವುದರಿಂದ ಬಿಗಿತ, ಚಡಪಡಿಕೆ ಹೆಚ್ಚುತ್ತದೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ರಿಸ್ಪೆರಿಡೋನ್ ಮಟ್ಟವನ್ನು ಇಳಿಸುತ್ತದೆ, ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಏರಿಸುತ್ತದೆ. ಸಿಗರೇಟಿನ ಹೊಗೆ ಓಲಾಂಜಪಿನ್ ಮತ್ತು ಕ್ಲೋಜಪಿನ್ ಅನ್ನು ಬೇಗ ಕರಗಿಸುತ್ತದೆ. ಹಾಗಾಗಿ ಅವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಟ್ಟ ಒಂದೆರಡು ವಾರದಲ್ಲಿ ಔಷಧದ ಮಟ್ಟ ಏರಿ ತೂಕಡಿಕೆ, ಜೊಲ್ಲು ಹೆಚ್ಚಬಹುದು. ಬಿಡುವುದು ಒಳ್ಳೆಯದೇ, ಆದರೆ ಮೊದಲೇ ವೈದ್ಯರಿಗೆ ಹೇಳಿ. ರಿಸ್ಪೆರಿಡೋನ್‌ಗೆ ಈ ತೊಂದರೆಯಿಲ್ಲ. ಗಾಂಜಾ ಯಾವ ಔಷಧವಿದ್ದರೂ ಕಾಯಿಲೆಯನ್ನು ಮತ್ತೆ ಎಬ್ಬಿಸಬಹುದು.

ಎಷ್ಟು ವರ್ಷ ಎಂಬ ಪ್ರಶ್ನೆ. ಮೊದಲ ಸಲದ ಕಾಯಿಲೆಯಾದರೆ ಲಕ್ಷಣಗಳು ಪೂರ್ತಿ ಹೋದ ಮೇಲೆ ಕನಿಷ್ಠ ಒಂದರಿಂದ ಎರಡು ವರ್ಷ ಎಂಬುದು ಸಾಮಾನ್ಯ ಸಲಹೆ. ಹಲವು ಸಲ ಮರುಕಳಿಸಿದವರಿಗೆ ಐದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು. ತಮ್ಮನ ಎಂಟು ತಿಂಗಳು, ಅದೂ ಮಧ್ಯೆ ತಪ್ಪಿಸಿದ ಎಂಟು ತಿಂಗಳು, ಸಾಲದು. ಸ್ಕಿಜೋಫ್ರೇನಿಯಾದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದ 100ರಲ್ಲಿ ಸುಮಾರು 27 ಮಂದಿಗೆ, ನಿಲ್ಲಿಸಿದ 100ರಲ್ಲಿ ಸುಮಾರು 64 ಮಂದಿಗೆ. ಈ ಅಂಕಿಗಳನ್ನು ಅವನಿಗೆ ಹಾಗೆಯೇ ತೋರಿಸಿ. ಔಷಧವಿದ್ದೂ 27 ಮಂದಿಗೆ ಬಂತು, ಇಲ್ಲದೆಯೂ 36 ಮಂದಿ ಆ ವರ್ಷ ಚೆನ್ನಾಗಿದ್ದರು ಎಂಬುದನ್ನೂ ಸೇರಿಸಿ. ಮುಚ್ಚಿಟ್ಟು ಹೇಳಿದರೆ ಅವನೇ ಎಲ್ಲಾದರೂ ಓದಿಕೊಳ್ಳುತ್ತಾನೆ.

ಇಲ್ಲಿ ಒಂದು ಮೋಸವಿದೆ. ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ಬಹಳ ಮಂದಿ ಇನ್ನಷ್ಟು ಚೆನ್ನಾಗಿಯೇ ಕಾಣುತ್ತಾರೆ, ಏಕೆಂದರೆ ಮಂಪರು, ಚಡಪಡಿಕೆ ಹೋಗಿರುತ್ತದೆ. ಕಾಯಿಲೆ ಮರಳುವುದು ವಾರಗಳು, ತಿಂಗಳುಗಳ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ನಿಲ್ಲಿಸುವ ದಿನ ಬಂದರೂ ಹಲವು ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಒಂದೇ ದಿನಕ್ಕಲ್ಲ. ಪೂರ್ತಿ ಬಿಡುವುದು ಮತ್ತು 4 ಮಿ.ಗ್ರಾಂ. ಹಾಗೇ ಮುಂದುವರಿಸುವುದು, ಇವೆರಡೇ ದಾರಿಯೆಂದೂ ತಿಳಿಯಬೇಡಿ. ವೈದ್ಯರ ನಿಗಾದಲ್ಲಿ ಸ್ವಲ್ಪ ಇಳಿಸಿ ನೋಡುವುದು ನಡುವಿನ ದಾರಿ, ಜಗಳ ನಿಲ್ಲುವುದೂ ಬಹಳ ಸಲ ಅಲ್ಲೇ.

ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್ ಬಗ್ಗೆಯೂ ಕೇಳಿ. ಪಾಲಿಪೆರಿಡೋನ್‌ನ ತಿಂಗಳ ಇಂಜೆಕ್ಷನ್ ರಿಸ್ಪೆರಿಡೋನ್‌ನ ಸೋದರ ಔಷಧವೇ. ಮನೆಯಲ್ಲಿ ದಿನಾ ಮಾತ್ರೆಯ ಮಾತೇ ಇರುವುದಿಲ್ಲ ಎಂಬುದು ಇದರ ದೊಡ್ಡ ಲಾಭ. ತಪ್ಪಿದರೆ ಆಸ್ಪತ್ರೆಗೇ ಗೊತ್ತಾಗುತ್ತದೆ. ಆದರೆ ಚಡಪಡಿಕೆ ಇರುವಾಗ ಇದಕ್ಕೆ ಆತುರ ಬೇಡ. ಚುಚ್ಚಿದ ಮೇಲೆ ಔಷಧವನ್ನು ಹಿಂದಕ್ಕೆ ತೆಗೆಯಲಾಗದು, ಅಡ್ಡಪರಿಣಾಮವೂ ವಾರಗಟ್ಟಲೆ ಉಳಿಯುತ್ತದೆ. ಮಾತ್ರೆಯಲ್ಲಿ ಸರಿಹೊಂದುವ ಡೋಸ್ ಸಿಕ್ಕ ಮೇಲೆ ಅವನ ಒಪ್ಪಿಗೆಯಿಂದ ಮಾಡಿ. ಶಿಕ್ಷೆಯಂತೆ ‘ಮಾತ್ರೆ ನುಂಗದಿದ್ದರೆ ಸೂಜಿ’ ಎಂದರೆ ಒಳ್ಳೆಯ ದಾರಿಯೊಂದು ಮುಚ್ಚಿಹೋಗುತ್ತದೆ.

ಇನ್ನು ತುರ್ತು. ಜೋರು ಜ್ವರ, ಮೈ ಕಟ್ಟಿಗೆಯಂತೆ ಸೆಟೆಯುವುದು, ಗೊಂದಲ, ವಿಪರೀತ ಬೆವರು ಒಟ್ಟಿಗೆ ಬಂದರೆ ಮುಂದಿನ ಡೋಸ್ ಕೊಡದೆ ನೇರ ತುರ್ತು ಚಿಕಿತ್ಸೆಗೆ ಹೋಗಿ, ಯಾವ ಔಷಧದಲ್ಲಿದ್ದಾನೆಂದು ಮೊದಲ ಮಾತಿಗೇ ಹೇಳಿ. ಅಪರೂಪದ್ದು, ಆದರೆ ಜೀವಕ್ಕೆ ಅಪಾಯ. ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ನಾಲಿಗೆ ಎಳೆದುಕೊಳ್ಳುವುದು ಔಷಧ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ ದಿನಗಳಲ್ಲಿ ಆಗುತ್ತದೆ. ನೋಡಲು ಭಯಂಕರವಾದರೂ ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಉಸಿರು, ಗಂಟಲು ಕಟ್ಟಿದಂತಾದರೆ ಮಾತ್ರ ಒಂದು ನಿಮಿಷವೂ ತಡ ಮಾಡಬಾರದು. ಎಚ್ಚರ ತಪ್ಪಿ ಬೀಳುವುದು, ಎದೆ ಬಡಿತ ತಾಳ ತಪ್ಪುವುದು ಕೂಡ ಅದೇ ದಿನ ತೋರಿಸಬೇಕಾದವು. ಮುಂದೆಂದಾದರೂ ಕ್ಲೋಜಪಿನ್‌ಗೆ ಬದಲಾದರೆ ಜ್ವರ ಅಥವಾ ಗಂಟಲು ನೋವು ಬಂದ ದಿನವೇ ಬಿಳಿರಕ್ತಕಣಗಳ ಪರೀಕ್ಷೆ ಆಗಬೇಕು. ಅದರ ಮಲಬದ್ಧತೆಯನ್ನೂ ಹಗುರವಾಗಿ ಕಾಣಬೇಡಿ, ಕರುಳು ಕಟ್ಟಿ ಪ್ರಾಣ ಹೋದದ್ದುಂಟು. ತಿಂಗಳು, ವರ್ಷಗಳ ಮೇಲೆ ತುಟಿ ಚಪ್ಪರಿಸುವುದು, ನಾಲಿಗೆ ತಾನಾಗಿ ಹೊರಳುವುದು ಕಂಡರೆ ತುರ್ತೇನಲ್ಲ, ಆದರೆ ಮುಂದಿನ ಭೇಟಿಯಲ್ಲಿ ತಪ್ಪದೆ ಹೇಳಿ. ಬೇಗ ಹಿಡಿದಷ್ಟೂ ಒಳ್ಳೆಯದು. ಸಾಯುವ ಯೋಚನೆ ಇರಬಹುದೆಂದು ಅನುಮಾನವಿದ್ದರೆ ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಕಾಯಿಲೆ ಮರಳುವ ಮೊದಲು ಪ್ರತಿಯೊಬ್ಬರಿಗೂ ಅವರದೇ ಸೂಚನೆಗಳಿರುತ್ತವೆ. ಎರಡು ಮೂರು ರಾತ್ರಿ ನಿದ್ದೆ ಕೆಡುವುದು ಬಹಳ ಮಂದಿಯಲ್ಲಿ ಮೊದಲ ಸೂಚನೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಊಟವನ್ನು ಮೂಸಿ ನೋಡುವುದು, ಫೋನು ಆಫ್ ಮಾಡಿಡುವುದು, ಹೀಗೆ. ಕಳೆದ ಸಲ ಆಸ್ಪತ್ರೆಗೆ ಸೇರುವ ಹಿಂದಿನ ತಿಂಗಳು ಏನೇನು ಬದಲಾಗಿತ್ತು ಎಂದು ಅವನ ಜೊತೆಯಲ್ಲೇ ಕೂತು ನಾಲ್ಕೈದು ಸಾಲು ಬರೆಯಿರಿ. ನಿಮಗೆ ಕಾಣದ ಒಂದೆರಡು ಅವನಿಗೇ ಗೊತ್ತಿರುತ್ತವೆ. ಅದರ ಕೆಳಗೆ, ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಯಾರಿಗೆ ಫೋನ್ ಮಾಡಬೇಕು, ಅಷ್ಟರಲ್ಲಿ ಡೋಸ್ ಏರಿಸಬಹುದೇ, ಏರಿಸುವುದಾದರೆ ಎಷ್ಟು ಎಂಬುದನ್ನು ವೈದ್ಯರ ಕೈಯಲ್ಲೇ ಬರೆಸಿ. ಒಂದು ಪ್ರತಿ ಅವನ ಬಳಿ, ಒಂದು ನಿಮ್ಮ ಬಳಿ ಇರಲಿ. ಈ ಭೇಟಿಗೆ ಹೋಗುವಾಗ ಒಂದೇ ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಬೆರೆಸಿ ಕೊಟ್ಟ ದಿನಗಳು, ಚಡಪಡಿಕೆ ಯಾವಾಗ ಶುರುವಾಯಿತು, ಈ ತಿಂಗಳ ತೂಕ, ನಿದ್ದೆಯ ಗಂಟೆಗಳು, ಟ್ರೈಹೆಕ್ಸಿಫೆನಿಡಿಲ್ ಇನ್ನೂ ಬೇಕೇ, ಸಕ್ಕರೆ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಯಾವಾಗ.